ಲಿನಕ್ಸ್ ಹಾಕುವ ಮುಂಚೆ: ಯಾವ ಡೈರೆಕ್ಟರಿಗೆ ಬೇರೆ ಪಾರ್ಟಿಷನ್ ಬೇಕು, ಯಾವುದಕ್ಕೆ ಬೇಡ

ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ ಬಹಳ ಜನ ಒಂದೇ ಒಂದು ಪರದೆಯ ಮುಂದೆ ನಿಂತುಬಿಡುತ್ತಾರೆ. ಭಾಷೆ, ಕೀಬೋರ್ಡ್, ವೈಫೈ ಎಲ್ಲಾ ಸಲೀಸಾಗಿ ಮುಗಿದಿರುತ್ತದೆ. ಆಮೇಲೆ ಡಿಸ್ಕನ್ನು ಹೇಗೆ ಹಂಚಲಿ ಅನ್ನುವ ಪ್ರಶ್ನೆ ಬರುತ್ತದೆ. ಡೆಬಿಯನ್, ಉಬುಂಟು, ಫೆಡೋರಾ ಇವೆಲ್ಲ ಲಿನಕ್ಸ್‌ನ ಬಗೆಗಳು (ಡಿಸ್ಟ್ರೋ). ಡೆಬಿಯನ್ ಇನ್‌ಸ್ಟಾಲರ್ ಬಹಳ ವರ್ಷಗಳಿಂದ ಇಲ್ಲಿ ಮುಖ್ಯವಾಗಿ ಮೂರು ದಾರಿ ತೋರಿಸುತ್ತಾ ಬಂದಿದೆ. ಎಲ್ಲವೂ ಒಂದೇ ಪಾರ್ಟಿಷನ್‌ನಲ್ಲಿ. ಅಥವಾ ನಿಮ್ಮ ಫೈಲ್‌ಗಳಿರುವ /ಹೋಮ್ ಮಾತ್ರ ಬೇರೆ. ಅಥವಾ /ಹೋಮ್, ಸದಾ ಬದಲಾಗುವ ಫೈಲ್‌ಗಳ /ವಾರ್, ತಾತ್ಕಾಲಿಕ ಫೈಲ್‌ಗಳ /ಟೆಂಪ್ ಮೂರೂ ಬೇರೆ. ಯಾವುದನ್ನು ಒತ್ತಿದರೂ ಅವತ್ತು ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತದೆ. ವ್ಯತ್ಯಾಸ ಗೊತ್ತಾಗುವುದು ಆರು ತಿಂಗಳೋ ಎರಡು ವರ್ಷವೋ ಕಳೆದ ಮೇಲೆ. ಡಿಸ್ಕ್ ತುಂಬಿದ ದಿನ, ಇಲ್ಲವೇ ಹೊಸ ಆವೃತ್ತಿ ಹಾಕುವ ದಿನ.

ಡೈರೆಕ್ಟರಿ ಅಂದರೆ ಫೋಲ್ಡರ್, ಪಾರ್ಟಿಷನ್ ಅಂದರೆ ಡಿಸ್ಕ್‌ನ ಪಾಲು. ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡ ಹಾಗೆಯೇ ಇದು. ಬೇಲಿ ಹಾಕಿದ ಮೇಲೆ ಒಬ್ಬನ ದನ ಇನ್ನೊಬ್ಬನ ಪೈರಿಗೆ ನುಗ್ಗುವುದಿಲ್ಲ. ಆದರೆ ಒಬ್ಬನ ಹೊಲ ಪಾಳು ಬಿದ್ದಿದ್ದರೂ ಇನ್ನೊಬ್ಬ ಅಲ್ಲಿ ಬಿತ್ತುವ ಹಾಗಿಲ್ಲ. ಲಾಭವೂ ನಷ್ಟವೂ ಒಂದೇ ಬೇಲಿಯಿಂದ.

ಹಾಗಾಗಿ ಯಾವುದಕ್ಕೆ ಎಷ್ಟು ಜಿಬಿ ಅಂತ ಪಟ್ಟಿ ಹುಡುಕುವ ಮುಂಚೆ, ಪ್ರತಿ ಡೈರೆಕ್ಟರಿಯ ಬಗ್ಗೆಯೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ತುಂಬಿಹೋದರೆ ಇದರ ಜೊತೆಗೆ ಇನ್ನೇನು ನಿಂತುಹೋಗುತ್ತದೆ? ಸಿಸ್ಟಮ್ ಅಳಿಸಿ ಹೊಸದಾಗಿ ಹಾಕುವಾಗ ಇದು ಉಳಿಯಬೇಕಾ? ಎರಡಕ್ಕೂ ಉತ್ತರ "ಏನಿಲ್ಲ" ಅಂತ ಬಂದರೆ ಅಲ್ಲಿ ಬೇಲಿ ಬೇಡ. ಈ ಬರಹದಲ್ಲಿ ಮುಂದೆ ಬರುವ ಎಲ್ಲ ಹೋಲಿಕೆಯೂ ಈ ಎರಡು ಪ್ರಶ್ನೆಗಳ ಮೇಲೆಯೇ ನಿಂತಿದೆ.

ರೂಟ್ ಬಿಟ್ಟು ಹೋಗಬಾರದವು

ಮೊದಲು ಬೇರೆ ಮಾಡಲೇಬಾರದ್ದನ್ನು ಪಕ್ಕಕ್ಕಿಡೋಣ. ಸಿಸ್ಟಮ್‌ನ ಸೆಟ್ಟಿಂಗ್‌ಗಳಿರುವ /ಈಟಿಸಿ, ಎಲ್ಲಾ ಡೈರೆಕ್ಟರಿಗಳ ಬುಡವಾದ ರೂಟ್ ಪಾರ್ಟಿಷನ್‌ನಲ್ಲೇ ಇರಬೇಕು. ಯಾವ ಪಾರ್ಟಿಷನ್ ಯಾವ ಡೈರೆಕ್ಟರಿಗೆ ಜೋಡಣೆಯಾಗಬೇಕು (ಮೌಂಟ್ ಆಗಬೇಕು) ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್ ಅದರೊಳಗೇ ಇದೆ. ಬೀಗದ ಕೈಯನ್ನು ಬೀಗ ಹಾಕಿದ ಕೋಣೆಯೊಳಗೇ ಇಟ್ಟರೆ ಬಾಗಿಲು ತೆಗೆಯುವುದು ಹೇಗೆ, ಅಲ್ವಾ? ಪೂರ್ಣ ಅಧಿಕಾರ ಇರುವ ಅಡ್ಮಿನ್, ಅಂದರೆ ರೂಟ್ ಬಳಕೆದಾರನ ಮನೆಯಾದ /ರೂಟ್ ಡೈರೆಕ್ಟರಿ /ಹೋಮ್ ಒಳಗೆ ಇಲ್ಲದಿರುವುದಕ್ಕೂ ಇಂಥದ್ದೇ ಕಾರಣ. /ಹೋಮ್ ಮೌಂಟ್ ಆಗದೆ ಕೈಕೊಟ್ಟ ದಿನವೂ ಅಡ್ಮಿನ್ ಒಳಗೆ ಬಂದು ರಿಪೇರಿ ಮಾಡಲು ಒಂದು ಜಾಗ ಬೇಕು. /ಪ್ರಾಕ್, /ಸಿಸ್, /ಡೆವ್, /ರನ್ ಇವು ಡಿಸ್ಕ್ ಮೇಲೆ ಇರುವುದೇ ಇಲ್ಲ. ಸಿಸ್ಟಮ್‌ನ ತಿರುಳಾದ ಕರ್ನಲ್ ಇವನ್ನು ಮೆಮೊರಿಯಲ್ಲೇ ತೋರಿಸುತ್ತದೆ. ಇವುಗಳ ಚಿಂತೆ ಬಿಡಿ.

ಇನ್ನು ಪ್ರೋಗ್ರಾಂಗಳಿರುವ /ಯುಎಸ್‌ಆರ್. ಹಳೆಯ ಮಾರ್ಗದರ್ಶಿಗಳಲ್ಲಿ "/ಯುಎಸ್‌ಆರ್ ಬೇರೆ ಇಡಿ" ಅನ್ನುವ ಸಲಹೆ ಈಗಲೂ ಸಿಗುತ್ತದೆ. ಅದರ ಹಿಂದೆ ಒಂದು ಕಥೆ ಇದೆ. 1970ರ ದಶಕದ ಶುರುವಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಕಟ್ಟುತ್ತಿದ್ದಾಗ ಅವರ ಪಿಡಿಪಿ-11 ಯಂತ್ರದ ಡಿಸ್ಕ್‌ಗಳು ತೀರಾ ಚಿಕ್ಕವು. ಇವತ್ತಿನ ಮೊಬೈಲ್‌ನ ಒಂದು ಫೋಟೋ ಕೂಡ ಹಿಡಿಸದಷ್ಟು. ಬಳಕೆದಾರರ ಮನೆಗಳು ಆಗ ಎರಡನೇ ಡಿಸ್ಕ್‌ನಲ್ಲಿ /ಯುಎಸ್‌ಆರ್ ಹೆಸರಿನಡಿ ಇದ್ದವು. ಮೊದಲ ಡಿಸ್ಕ್‌ನಲ್ಲಿ ಜಾಗ ಸಾಲದೆ ಪ್ರೋಗ್ರಾಂಗಳು ಅಲ್ಲಿಗೂ ಹರಿದುಬಂದವು. ಹೀಗೆ /ಬಿನ್ ಒಂದು, /ಯುಎಸ್‌ಆರ್/ಬಿನ್ ಇನ್ನೊಂದು ಆಯಿತು. ಆಮೇಲೆ ಬಂದವರು ಈ ಎರಡರ ನಡುವೆ ಅರ್ಥ ಹುಡುಕಿ ನಿಯಮ ಬರೆದರು.

ಆ ನಿಯಮ ಈಗ ಹೆಚ್ಚುಕಡಿಮೆ ಮುಗಿದಿದೆ. 2012ರಲ್ಲಿ ಫೆಡೋರಾ 17 ಬಂದಾಗ /ಬಿನ್, /ಎಸ್‌ಬಿನ್, /ಲಿಬ್ ಮೂರೂ /ಯುಎಸ್‌ಆರ್ ಒಳಗಿನ ಜಾಗಕ್ಕೆ ಬರೀ ಲಿಂಕ್ ಆದವು. 2023ರ ಡೆಬಿಯನ್ 12 ಕೂಡ ಈ ರೀತಿಯನ್ನೇ ಕಡ್ಡಾಯ ಮಾಡಿತು. ಅಂದರೆ ಇವತ್ತು /ಯುಎಸ್‌ಆರ್ ಇಲ್ಲದ ರೂಟ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಒಂದು ಶೆಲ್ ಕೂಡ ಇರುವುದಿಲ್ಲ. ಬೇರೆ ಪಾರ್ಟಿಷನ್‌ನಲ್ಲಿ ಇಟ್ಟರೂ ಬೂಟ್ ಶುರುವಿನಲ್ಲಿ ಮೆಮೊರಿಗೆ ಬರುವ ಚಿಕ್ಕ ಸಿಸ್ಟಮ್ ಆದ ಇನಿಟ್‌ರಾಮ್‌ಎಫ್‌ಎಸ್ ಅದನ್ನು ಮೊದಲೇ ಮೌಂಟ್ ಮಾಡಿಕೊಡುತ್ತದೆ, ಬೂಟ್ ಆಗುತ್ತದೆ. ಆದರೆ ನಿಮಗೆ ಸಿಕ್ಕಿದ್ದೇನು? ತಾನಾಗಿ ಒಂದೇ ರಾತ್ರಿಯಲ್ಲಿ ತುಂಬಿಹೋಗುವ ಡೈರೆಕ್ಟರಿ ಇದಲ್ಲ. ಇನ್‌ಸ್ಟಾಲ್ ಮಾಡುವಾಗ ಉಳಿಸಬೇಕಾದ್ದೂ ಅಲ್ಲ. ಎರಡೂ ಪ್ರಶ್ನೆಗೆ ಉತ್ತರ "ಏನಿಲ್ಲ". ಮನೆ ಕಂಪ್ಯೂಟರ್‌ನಲ್ಲಿ ಇದನ್ನು ಬೇರೆ ಮಾಡಬೇಡಿ.

ಎಲ್ಲವೂ ಒಂದೇ ಪಾರ್ಟಿಷನ್‌ನಲ್ಲಿ

ಉಬುಂಟು ತಾನಾಗಿ ಮಾಡುವುದು ಇದನ್ನೇ. ಬೂಟ್‌ಗೆ ಬೇಕಾದ ಚಿಕ್ಕ ಇಎಫ್‌ಐ ಪಾರ್ಟಿಷನ್, ಉಳಿದಿದ್ದೆಲ್ಲಾ ಒಂದು ದೊಡ್ಡ ರೂಟ್. ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗವಾದ ಸ್ವಾಪ್ ಕೂಡ ಅದರೊಳಗೆ ಒಂದು ಫೈಲ್. ಇದನ್ನು ಕಡಿಮೆ ಅಂತ ನೋಡಬೇಡಿ. 128 ಅಥವಾ 256 ಜಿಬಿಯ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ನಲ್ಲಿ ಜಾಗವೇ ಕಮ್ಮಿ. ಅಲ್ಲಿ ಬೇಲಿ ಹಾಕಿದರೆ ಒಂದು ಕಡೆ 40 ಜಿಬಿ ಖಾಲಿ ಬಿದ್ದಿರುತ್ತದೆ, ಇನ್ನೊಂದು ಕಡೆ ಅಪ್‌ಡೇಟ್ ಮಾಡಲು ಜಾಗ ಇರುವುದಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ನನಗೆ ಆಗಿದ್ದು ಹಾಗೆಯೇ. ರೂಟ್‌ಗೆ 30 ಜಿಬಿ ಸಾಕು ಅಂತ ಓದಿದ್ದೆ, ಅಷ್ಟೇ ಕೊಟ್ಟೆ. ಆಮೇಲೆ ಆ್ಯಪ್ ಹಾಕುವ ಹೊಸ ವಿಧಾನವಾದ ಫ್ಲ್ಯಾಟ್‌ಪ್ಯಾಕ್ ಬಂತು. ಅದರ ಆ್ಯಪ್‌ಗಳು /ವಾರ್/ಲಿಬ್/ಫ್ಲ್ಯಾಟ್‌ಪ್ಯಾಕ್ ಒಳಗೆ, ಅಂದರೆ ರೂಟ್ ಪಾಲಿನಲ್ಲಿ ಕೂರುತ್ತವೆ. ನಾಲ್ಕೈದು ಆ್ಯಪ್ ಹಾಕುವಷ್ಟರಲ್ಲಿ ರೂಟ್ ತುಂಬಿತು. /ಹೋಮ್‌ನಲ್ಲಿ 100 ಜಿಬಿ ಸುಮ್ನೆ ಬಿದ್ದಿತ್ತು.

ಒಂದೇ ಪಾರ್ಟಿಷನ್ ಇದ್ದಾಗ ಅದು ತುಂಬಿದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ, ನಿಜ. ಆದರೆ ಫೈಲ್‌ಗಳನ್ನು ಡಿಸ್ಕ್‌ನಲ್ಲಿ ಜೋಡಿಸಿಡುವ ವ್ಯವಸ್ಥೆಯಾದ (ಫೈಲ್‌ಸಿಸ್ಟಮ್) ಇಎಕ್ಸ್‌ಟಿ4 ಒಂದು ಉಪಕಾರ ಮಾಡುತ್ತದೆ. ಡಿಸ್ಕ್‌ನ 5 ಶೇಕಡಾ ಜಾಗವನ್ನು ರೂಟ್ ಬಳಕೆದಾರನಿಗೆ ಅಂತ ಎತ್ತಿಟ್ಟಿರುತ್ತದೆ. ಸಾಮಾನ್ಯ ಬಳಕೆದಾರನಿಗೆ ಡಿಸ್ಕ್ ತುಂಬಿದೆ ಅಂತ ಕಂಡರೂ ರೂಟ್ ಒಳಗೆ ಬಂದು ಕಸ ತೆಗೆಯಬಹುದು. 500 ಜಿಬಿ ಡಿಸ್ಕ್‌ನಲ್ಲಿ ಇದು 25 ಜಿಬಿ ಆಗುತ್ತದೆ. ಬರೀ ಸಿನಿಮಾ, ಫೋಟೋ ಇಡುವ ಪಾರ್ಟಿಷನ್‌ಗೆ ಇಷ್ಟು ಬೇಡ. ಅಲ್ಲಿ ಟ್ಯೂನ್2ಎಫ್‌ಎಸ್ ಕಮಾಂಡ್‌ನಿಂದ 1 ಶೇಕಡಾಕ್ಕೆ ಇಳಿಸಬಹುದು. ರೂಟ್ ಪಾರ್ಟಿಷನ್‌ನಲ್ಲಿ ಮಾತ್ರ ಇದನ್ನು ಮುಟ್ಟಬೇಡಿ.

/ಹೋಮ್ ಬೇರೆ ಇಟ್ಟರೆ

ಎರಡನೇ ಪ್ರಶ್ನೆಗೆ ಗಟ್ಟಿ ಉತ್ತರ ಕೊಡುವುದು ಇದೇ. ನಿಮ್ಮ ಫೋಟೋ, ಕಾಗದಪತ್ರ, ಬ್ರೌಸರ್‌ನ ಬುಕ್‌ಮಾರ್ಕ್ ಎಲ್ಲಾ /ಹೋಮ್‌ನಲ್ಲಿ. ಹೊಸ ಆವೃತ್ತಿ ಹಾಕುವಾಗ ರೂಟ್ ಫಾರ್ಮ್ಯಾಟ್ ಮಾಡಿ, /ಹೋಮ್ ಪಾರ್ಟಿಷನ್ ಅನ್ನು ಫಾರ್ಮ್ಯಾಟ್ ಮಾಡದೆ ಮೌಂಟ್ ಮಾತ್ರ ಮಾಡಿ ಅಂತ ಹೇಳಿದರೆ ಎಲ್ಲವೂ ಇದ್ದ ಹಾಗೇ ಸಿಗುತ್ತದೆ. ವರ್ಷಕ್ಕೊಂದು ಸಲ ಡಿಸ್ಟ್ರೋ ಬದಲಾಯಿಸುವ ಅಭ್ಯಾಸ ಇದ್ದವರಿಗೆ ಇದು ದೊಡ್ಡ ಅನುಕೂಲ.

ಎರಡು ಎಚ್ಚರಿಕೆ. ಹೊಸ ಸಿಸ್ಟಮ್‌ನಲ್ಲೂ ನಿಮ್ಮ ಯೂಸರ್ ನಂಬರ್ ಹಳೆಯದೇ ಇರಬೇಕು. ಈಗಿನ ಡೆಬಿಯನ್, ಉಬುಂಟು, ಫೆಡೋರಾ ಮೊದಲ ಬಳಕೆದಾರನಿಗೆ 1000 ಕೊಡುತ್ತವೆ, ಹಾಗಾಗಿ ಒಬ್ಬರೇ ಇದ್ದರೆ ತೊಂದರೆ ಇಲ್ಲ. ಮನೆಯಲ್ಲಿ ಮೂವರು ಬಳಸುತ್ತಿದ್ದರೆ ಅದೇ ಕ್ರಮದಲ್ಲಿ ಅಕೌಂಟ್ ಮಾಡಿ. ಇಲ್ಲದಿದ್ದರೆ ಅಕ್ಕನ ಫೈಲ್ ತಮ್ಮನದಾಗುತ್ತದೆ. ಎರಡನೆಯದು, ಚುಕ್ಕಿಯಿಂದ ಶುರುವಾಗುವ ಸೆಟ್ಟಿಂಗ್ ಫೈಲ್‌ಗಳೂ ಜೊತೆಗೇ ಬರುತ್ತವೆ. ಬೇರೆ ಡೆಸ್ಕ್‌ಟಾಪ್‌ಗೆ ಹೋದಾಗ ಹಳೆಯ ಸೆಟ್ಟಿಂಗ್ ಅಡ್ಡ ಬಂದು ವಿಚಿತ್ರವಾಗಿ ಕಾಣಿಸಬಹುದು.

ಇನ್ನೂ ಒಂದು ಮಾತು. /ಹೋಮ್ ಬೇರೆ ಇದೆ ಅಂತ ಬ್ಯಾಕಪ್ ಬಿಟ್ಟವರನ್ನು ನಾನು ನೋಡಿದ್ದೇನೆ. ಎರಡು ಪಾರ್ಟಿಷನ್ ಇದ್ದರೂ ಡಿಸ್ಕ್ ಒಂದೇ. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ದಯವಿಟ್ಟು ಹೊರಗಿನ ಡಿಸ್ಕ್‌ನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ.

ಮನೆಯ ಡೆಸ್ಕ್‌ಟಾಪ್‌ನಲ್ಲಿ ಚಿಕ್ಕ ಎಸ್‌ಎಸ್‌ಡಿ, ದೊಡ್ಡ ಹಾರ್ಡ್‌ಡಿಸ್ಕ್ ಎರಡೂ ಇದ್ದರೆ ಇಡೀ /ಹೋಮ್ ಅನ್ನು ಹಾರ್ಡ್‌ಡಿಸ್ಕ್‌ಗೆ ಕಳಿಸುವುದು ಸಾಮಾನ್ಯ. ನಾನು ಹಾಗೆ ಮಾಡುವುದಿಲ್ಲ. ಬ್ರೌಸರ್‌ನ ಕ್ಯಾಶ್, ಆ್ಯಪ್‌ಗಳ ಸೆಟ್ಟಿಂಗ್ ಎಲ್ಲಾ /ಹೋಮ್‌ನಲ್ಲೇ ಇರುವುದರಿಂದ ಡೆಸ್ಕ್‌ಟಾಪ್ ಕುಂಟುತ್ತದೆ. /ಹೋಮ್ ಎಸ್‌ಎಸ್‌ಡಿಯಲ್ಲೇ ಇರಲಿ. ಹಾರ್ಡ್‌ಡಿಸ್ಕನ್ನು ಅದರೊಳಗಿನ ವಿಡಿಯೋ ಫೋಲ್ಡರ್, ಫೋಟೋ ಫೋಲ್ಡರ್‌ಗೆ ಜೋಡಿಸಿ.

/ವಾರ್: ನಿಜವಾದ ತಲೆನೋವು ಇರುವ ಜಾಗ

ಹೆಸರೇ ಹೇಳುವ ಹಾಗೆ ಇದು ಬದಲಾಗುತ್ತಲೇ ಇರುವ ವಸ್ತುಗಳ ಮನೆ. ಲಾಗ್ (ಪ್ರೋಗ್ರಾಂಗಳು ಬರೆಯುವ ದಿನಚರಿ), ಡೇಟಾಬೇಸ್, ಮೇಲ್, ಪ್ಯಾಕೇಜ್‌ಗಳ ಕ್ಯಾಶ್, ಡಾಕರ್ ಇಮೇಜ್ (ಆ್ಯಪ್‌ಗಳನ್ನು ಕಟ್ಟಿಟ್ಟ ಗಂಟು), ವರ್ಚುವಲ್ ಮಷಿನ್‌ಗಳ ಡಿಸ್ಕ್ ಎಲ್ಲಾ ಇಲ್ಲೇ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಇದು ರೂಟ್ ಜೊತೆಗಿದ್ದರೆ ಸಾಕು. ಸರ್ವರ್ ಅಂದಾಕ್ಷಣ ಲೆಕ್ಕ ಬದಲಾಗುತ್ತದೆ.

ಪರಿಚಯದವರ ಒಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಬಿಲ್ಲಿಂಗ್‌ಗೆ ಅಂತ ಒಂದು ಸರ್ವರ್ ಹಾಕಿಕೊಟ್ಟಿದ್ದೆ. ಎಲ್ಲವೂ ಒಂದೇ ಪಾರ್ಟಿಷನ್. ಒಂದು ರಾತ್ರಿ ಪ್ರಿಂಟರ್‌ಗೆ ಸಂಬಂಧಿಸಿದ ಪ್ರೋಗ್ರಾಂ ಒಂದು ತಪ್ಪಿನ ಸುಳಿಗೆ ಸಿಕ್ಕಿಕೊಂಡಿತು. ಅದೇ ಎರರ್ ಸಾಲನ್ನು ಲಾಗ್‌ಗೆ ಬರೆಯುತ್ತಲೇ ಹೋಯಿತು. ಬೆಳಿಗ್ಗೆ ಅವರು ಅಂಗಡಿ ತೆಗೆದಾಗ ಡಿಸ್ಕ್ ತುಂಬಿತ್ತು. ಡೇಟಾಬೇಸ್‌ಗೆ ಬರೆಯಲು ಜಾಗ ಇರಲಿಲ್ಲ, ಬಿಲ್ ಬರಲಿಲ್ಲ. ನಾನು ಹೋಗಿ ಆ ದೊಡ್ಡ ಲಾಗ್ ಫೈಲ್ ಅಳಿಸಿದೆ. ಆದರೂ ಜಾಗ ವಾಪಸ್ ಬರಲಿಲ್ಲ! ಅಳಿಸಿದ ಫೈಲನ್ನು ಆ ಪ್ರೋಗ್ರಾಂ ಇನ್ನೂ ತೆರೆದಿಟ್ಟುಕೊಂಡಿತ್ತು. ಅದು ಬಿಡುವವರೆಗೆ ಕರ್ನಲ್ ಜಾಗ ಕೊಡುವುದಿಲ್ಲ. ಪ್ರೋಗ್ರಾಂ ನಿಲ್ಲಿಸಿದ ಮೇಲೆ ಎಲ್ಲಾ ಸರಿಹೋಯಿತು. ಇಂಥ ಫೈಲ್ ಯಾವುದು ಅಂತ ಎಲ್‌ಎಸ್‌ಒಎಫ್ ಕಮಾಂಡ್ ತೋರಿಸುತ್ತದೆ.

ಮನೆಗೆ ಬಂದು ಯೋಚಿಸಿದಾಗ ಇನ್ನೊಂದು ವಿಷಯ ಹೊಳೆಯಿತು. ನಾನು /ವಾರ್ ಬೇರೆ ಮಾಡಿದ್ದರೂ ಅವತ್ತು ಬಿಲ್ಲಿಂಗ್ ಉಳಿಯುತ್ತಿರಲಿಲ್ಲ. ಲಾಗ್ ಇರುವುದು /ವಾರ್/ಲಾಗ್‌ನಲ್ಲಿ. ಡೇಟಾಬೇಸ್ ಇರುವುದು /ವಾರ್/ಲಿಬ್‌ನಲ್ಲಿ. ಎರಡೂ ಒಂದೇ ಬೇಲಿಯೊಳಗೆ. ರೂಟ್ ಉಳಿಯುತ್ತಿತ್ತು ಅಷ್ಟೇ, ಆದರೆ ಆ ಸರ್ವರ್ ಇದ್ದದ್ದೇ ಡೇಟಾಬೇಸ್‌ಗೋಸ್ಕರ. ಬೇಲಿ ಬೇಕಿದ್ದದ್ದು ಲಾಗ್‌ಗೆ. ಅದಕ್ಕೇ ಸರ್ವರ್‌ನಲ್ಲಿ /ವಾರ್ ಬೇರೆ ಇಡಬೇಕಾ ಅಂತ ಕೇಳಬೇಡಿ. ಯಾವುದು ತುಂಬುತ್ತದೆ, ಯಾವುದು ನಿಲ್ಲಬಾರದು ಅಂತ ಕೇಳಿ, ಆ ಎರಡರ ನಡುವೆ ಬೇಲಿ ಹಾಕಿ. ಬಹಳ ಸಲ ಅದು /ವಾರ್/ಲಾಗ್ ಒಂದು ಕಡೆ, ಡೇಟಾಬೇಸ್ ಇನ್ನೊಂದು ಕಡೆ ಅಂತ ಆಗುತ್ತದೆ. ಡಾಕರ್ ಬಳಸುವವರು /ವಾರ್/ಲಿಬ್/ಡಾಕರ್‌ಗೂ ಬೇರೆ ಜಾಗ ಕೊಡಿ. ಹಳೆಯ ಇಮೇಜ್‌ಗಳು ಸದ್ದಿಲ್ಲದೆ ಗುಡ್ಡೆ ಬೀಳುತ್ತವೆ.

ಸಿಸ್ಟಮ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ತಾನೇ ಇಡುವ ಲಾಗ್‌ಗೆ (ಜರ್ನಲ್) ತನ್ನದೇ ಮಿತಿ ಇದೆ. ಪಾರ್ಟಿಷನ್‌ನ 10 ಶೇಕಡಾ, ಹೆಚ್ಚೆಂದರೆ 4 ಜಿಬಿ. ಆದರೆ ಪ್ರೋಗ್ರಾಂಗಳು ತಾವೇ ನೇರವಾಗಿ ಬರೆಯುವ ಲಾಗ್ ಫೈಲ್‌ಗಳಿಗೆ ಈ ಮಿತಿ ತಾಗುವುದಿಲ್ಲ. ಅವನ್ನು ಲಾಗ್‌ರೊಟೇಟ್ ಕತ್ತರಿಸುತ್ತದೆ. ಅದು ಸಾಮಾನ್ಯವಾಗಿ ದಿನಕ್ಕೊಂದು ಸಲ ಮಾತ್ರ ಓಡುತ್ತದೆ. ಒಂದು ರಾತ್ರಿಯ ಅನಾಹುತಕ್ಕೆ ಅದು ಸಾಲದು.

/ಟೆಂಪ್, /ಬೂಟ್, ಸ್ವಾಪ್

/ಟೆಂಪ್‌ಗೆ ಡಿಸ್ಕ್‌ನಲ್ಲಿ ಪಾಲು ಕೊಡುವ ಕಾಲ ಹೋಗುತ್ತಿದೆ. ಫೆಡೋರಾ ಬಹಳ ಹಿಂದೆಯೇ ಅದನ್ನು ಮೆಮೊರಿಗೆ ಸಾಗಿಸಿತು. 2025ರಲ್ಲಿ ಬಂದ ಡೆಬಿಯನ್ 13 ಕೂಡ ಅದೇ ದಾರಿ ಹಿಡಿದಿದೆ. ರ‍್ಯಾಮ್‌ನ ಅರ್ಧದವರೆಗೆ ಅದು ಬೆಳೆಯಬಹುದು. 4 ಜಿಬಿ ರ‍್ಯಾಮ್ ಇರುವ ಹಳೆಯ ಯಂತ್ರದಲ್ಲಿ ದೊಡ್ಡ ವಿಡಿಯೋ ಕೆಲಸ ಮಾಡುವವರು ಮಾತ್ರ ಇದನ್ನು ಗಮನಿಸಬೇಕು. ದೊಡ್ಡ ತಾತ್ಕಾಲಿಕ ಫೈಲ್‌ಗಳಿಗೆ /ವಾರ್/ಟೆಂಪ್ ಇದೆ. ಅದು ಡಿಸ್ಕ್ ಮೇಲೆಯೇ ಇರುತ್ತದೆ.

ಇಎಫ್‌ಐ ಪಾರ್ಟಿಷನ್ ಎಫ್‌ಎಟಿ32ರಲ್ಲಿ ಇರಬೇಕು. ವಿಂಡೋಸ್ ಜೊತೆಗೇ ಲಿನಕ್ಸ್ ಇಡುವವರು ವಿಂಡೋಸ್ ಮಾಡಿದ 100 ಎಂಬಿಯದನ್ನೇ ಹಂಚಿಕೊಳ್ಳಬಹುದು. ಹೊಸದಾಗಿ ಮಾಡುವುದಾದರೆ 1 ಜಿಬಿ ಕೊಡಿ. ಕರ್ನಲ್ ಇರುವ /ಬೂಟ್ ಬೇರೆ ಬೇಕಾಗುವುದು ಮುಖ್ಯವಾಗಿ ಡಿಸ್ಕನ್ನು ಲಕ್ಸ್ ಅನ್ನುವ ವಿಧಾನದಿಂದ ಎನ್‌ಕ್ರಿಪ್ಟ್ ಮಾಡಿದಾಗ. ಪಾಸ್‌ವರ್ಡ್ ಕೇಳುವ ಮುಂಚೆಯೇ ಕರ್ನಲ್ ಸಿಗಬೇಕಲ್ಲ. ಇಲ್ಲಿ ಕಂಜೂಸು ಮಾಡಬೇಡಿ. ಪ್ರತಿ ಅಪ್‌ಡೇಟ್‌ಗೂ ಹೊಸ ಕರ್ನಲ್, ಅದರ ಇನಿಟ್‌ರಾಮ್‌ಎಫ್‌ಎಸ್ ಬಂದು ಕೂರುತ್ತವೆ. 250 ಎಂಬಿ ಕೊಟ್ಟವರಿಗೆ "ಬೂಟ್‌ನಲ್ಲಿ ಜಾಗ ಇಲ್ಲ" ಅನ್ನುವ ಕಾಟ ತಪ್ಪಿದ್ದಲ್ಲ. ಇಲ್ಲೂ 1 ಜಿಬಿ. ತುಂಬಿದರೆ ಕೈಯಿಂದ ಫೈಲ್ ಅಳಿಸಬೇಡಿ, ಪ್ಯಾಕೇಜ್ ಮ್ಯಾನೇಜರ್‌ನಿಂದಲೇ ಹಳೆಯ ಕರ್ನಲ್ ತೆಗೆಸಿ.

ಸ್ವಾಪ್‌ಗೆ ಫೈಲ್ ಸಾಕು. ಹೈಬರ್ನೇಟ್ (ಮೆಮೊರಿಯನ್ನು ಡಿಸ್ಕ್‌ಗೆ ಬರೆದು ಕಂಪ್ಯೂಟರ್ ಆರಿಸುವುದು) ಮಾಡುವ ಆಸೆ ಇದ್ದರೆ ರ‍್ಯಾಮ್‌ನಷ್ಟು ದೊಡ್ಡ ಸ್ವಾಪ್ ಪಾರ್ಟಿಷನ್ ಇಡುವುದು ಸುಲಭದ ದಾರಿ.

ಸರಿಸಬಹುದಾದ ಬೇಲಿ: ಎಲ್‌ವಿಎಂ ಅಥವಾ ಬಿಟಿಆರ್‌ಎಫ್‌ಎಸ್

ಮಾಮೂಲಿ ಪಾರ್ಟಿಷನ್ ಕಲ್ಲುಗಂಬದ ಬೇಲಿ. ಆಮೇಲೆ ಸರಿಸುವುದು ಕಷ್ಟ, ಅಪಾಯವೂ ಹೌದು. ಎಲ್‌ವಿಎಂ ಇದನ್ನು ಬೇರೆ ರೀತಿ ಬಗೆಹರಿಸುತ್ತದೆ. ಡಿಸ್ಕ್‌ನ ಜಾಗವನ್ನೆಲ್ಲ ಒಂದು ಗುಂಪಿಗೆ ಹಾಕಿ, ಬೇಕಾದಷ್ಟನ್ನು ಕತ್ತರಿಸಿ ಕೊಡುತ್ತದೆ. ಇದರ ಗುಟ್ಟು ಒಂದೇ. ಎಲ್ಲವನ್ನೂ ಹಂಚಿಬಿಡಬೇಡಿ. ಊರಿಗೊಂದು ಗೋಮಾಳ ಬಿಟ್ಟ ಹಾಗೆ ಮೂರನೇ ಒಂದು ಭಾಗವನ್ನು ಹಾಗೇ ಖಾಲಿ ಬಿಡಿ. ಯಾವ ಕಡೆ ಇಕ್ಕಟ್ಟಾಯಿತೋ ಆ ಕಡೆಗೆ ಎಲ್‌ವಿಎಕ್ಸ್‌ಟೆಂಡ್ ಕಮಾಂಡ್‌ನಿಂದ ಸೇರಿಸಿ. ಮೈನಸ್ ಆರ್ ಆಯ್ಕೆ ಹಾಕಿದರೆ ಫೈಲ್‌ಸಿಸ್ಟಮ್ ಕೂಡ ಜೊತೆಗೇ ದೊಡ್ಡದಾಗುತ್ತದೆ, ಸರ್ವರ್ ಓಡುತ್ತಿರುವಾಗಲೇ.

ದೊಡ್ಡದು ಮಾಡುವುದು ಸುಲಭ, ಚಿಕ್ಕದು ಮಾಡುವುದು ಅಲ್ಲ. ಇಎಕ್ಸ್‌ಟಿ4 ಅನ್ನು ಕುಗ್ಗಿಸಲು ಅನ್‌ಮೌಂಟ್ ಮಾಡಬೇಕು. ಇನ್ನೊಂದು ಫೈಲ್‌ಸಿಸ್ಟಮ್ ಆದ ಎಕ್ಸ್‌ಎಫ್‌ಎಸ್ ಅನ್ನಂತೂ ಕುಗ್ಗಿಸಲು ಆಗುವುದೇ ಇಲ್ಲ ಅಂತ ತಿಳಿದುಕೊಂಡೇ ಯೋಜನೆ ಮಾಡಿ. ರೆಡ್ ಹ್ಯಾಟ್ ಬಳಗದ ಸಿಸ್ಟಮ್‌ಗಳಲ್ಲಿ 7ನೇ ಆವೃತ್ತಿಯಿಂದ ಎಕ್ಸ್‌ಎಫ್‌ಎಸ್ ತಾನಾಗಿ ಬರುವುದರಿಂದ ಅಲ್ಲಿ ಇದು ಬಹಳ ಮುಖ್ಯ.

ಬಿಟಿಆರ್‌ಎಫ್‌ಎಸ್ ಬೇರೆಯೇ ಜಾತಿಯ ಫೈಲ್‌ಸಿಸ್ಟಮ್. ಫೆಡೋರಾ ವರ್ಕ್‌ಸ್ಟೇಷನ್ 2020ರ 33ನೇ ಆವೃತ್ತಿಯಿಂದ ಇದನ್ನೇ ಬಳಸುತ್ತಿದೆ. ಇಲ್ಲಿ ಪಾರ್ಟಿಷನ್ ಒಂದೇ, ಒಳಗೆ ರೂಟ್‌ಗೊಂದು, /ಹೋಮ್‌ಗೊಂದು ಸಬ್‌ವಾಲ್ಯೂಮ್ (ಬೇಲಿ ಇಲ್ಲದ ಒಳಪಾಲು). ಒಂದು ಕೆಟ್ಟರೆ ಹಿಂದೆ ಉಳಿಸಿಟ್ಟ ಅದರ ಸ್ಥಿತಿಗೆ (ಸ್ನ್ಯಾಪ್‌ಶಾಟ್) ವಾಪಸ್ ಹೋಗಬಹುದು, ಇನ್ನೊಂದನ್ನು ಮುಟ್ಟಬೇಕಿಲ್ಲ. ಓಪನ್‌ಸೂಸೆ ಇದನ್ನು ಅಚ್ಚುಕಟ್ಟಾಗಿ ಮಾಡಿದೆ. ಅದು /ವಾರ್ ಅನ್ನೂ ಬೇರೆ ಸಬ್‌ವಾಲ್ಯೂಮ್ ಮಾಡಿ ರೂಟ್‌ನ ಸ್ನ್ಯಾಪ್‌ಶಾಟ್‌ನಿಂದ ಹೊರಗಿಡುತ್ತದೆ. ಅಪ್‌ಡೇಟ್ ಕೆಟ್ಟಿತು ಅಂತ ರೂಟ್ ಅನ್ನು ನಿನ್ನೆಗೆ ಕೊಂಡೊಯ್ದರೆ ಇವತ್ತಿನ ಡೇಟಾಬೇಸ್ ಕೂಡ ನಿನ್ನೆಗೆ ಹೋಗಬಾರದಲ್ಲ.

ಆದರೆ ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಎಲ್ಲಾ ಸಬ್‌ವಾಲ್ಯೂಮ್‌ಗಳೂ ಒಂದೇ ಕೊಳದ ನೀರು ಕುಡಿಯುತ್ತವೆ. ಲಾಗ್ ತುಂಬಿದರೆ /ಹೋಮ್‌ಗೂ ಜಾಗ ಇಲ್ಲ. ಕೋಟಾ ಹಾಕಬಹುದು, ಆದರೆ ಅದು ತಾನಾಗಿ ಬರುವುದಿಲ್ಲ. ಅಂದರೆ ಬಿಟಿಆರ್‌ಎಫ್‌ಎಸ್ ನಮ್ಮ ಎರಡನೇ ಪ್ರಶ್ನೆಗೆ ಒಳ್ಳೆಯ ಉತ್ತರ, ಮೊದಲನೆಯದಕ್ಕೆ ಅಲ್ಲ. ಎಲ್‌ವಿಎಂ ಎರಡಕ್ಕೂ ಉತ್ತರ, ಆದರೆ ಜಾಗದ ಲೆಕ್ಕ ನೀವು ಇಡಬೇಕು. ಒಂದಕ್ಕೊಂದು ಪ್ರತಿಸ್ಪರ್ಧಿ ಅಂತ ಜನ ವಾದ ಮಾಡುತ್ತಾರೆ. ಬಗೆಹರಿಸುವ ಸಮಸ್ಯೆಯೇ ಬೇರೆ ಬೇರೆ.

ಲಿನಕ್ಸ್ ಆಚೆಗೂ ಒಮ್ಮೆ ನೋಡಿ. ಯುನಿಕ್ಸ್ ಬಳಗದ ಇನ್ನೊಂದು ಸಿಸ್ಟಮ್ ಆದ ಓಪನ್‌ಬಿಎಸ್‌ಡಿಯ ಇನ್‌ಸ್ಟಾಲರ್ ದೊಡ್ಡ ಡಿಸ್ಕ್ ಸಿಕ್ಕರೆ /ಟೆಂಪ್, /ವಾರ್, /ಯುಎಸ್‌ಆರ್, /ಯುಎಸ್‌ಆರ್/ಲೋಕಲ್, /ಹೋಮ್ ಅಂತ ತಾನೇ ಸುಮಾರು ಹತ್ತು ಪಾಲು ಮಾಡುತ್ತದೆ. ಅಲ್ಲಿ ಮೂರನೇ ಕಾರಣ ಸೇರಿಕೊಂಡಿದೆ: ಸುರಕ್ಷತೆ. ಪಾರ್ಟಿಷನ್ ಬೇರೆ ಇದ್ದರೆ ಮೌಂಟ್ ಆಯ್ಕೆಯೂ ಬೇರೆ ಕೊಡಬಹುದು. ಓಡಿಸಿದವರಿಗೆ ಫೈಲ್‌ನ ಒಡೆಯನ ಅಧಿಕಾರ ಕೊಡುವ ಸೆಟ್‌ಯುಐಡಿ ಗುರುತು /ಹೋಮ್‌ನಲ್ಲಿ ಕೆಲಸ ಮಾಡದ ಹಾಗೆ ತಡೆಯುವ ನೋಸೂಯಿಡ್ ಒಂದು ಉದಾಹರಣೆ. ಹೊರಜಗತ್ತಿಗೆ ತೆರೆದಿರುವ ಲಿನಕ್ಸ್ ಸರ್ವರ್‌ನಲ್ಲೂ ಇದು ಮಾಡುವಂಥದ್ದೇ. ಆದರೆ /ಟೆಂಪ್‌ಗೆ ನೋಎಕ್ಸೆಕ್ (ಅಲ್ಲಿಂದ ಪ್ರೋಗ್ರಾಂ ಓಡದ ಹಾಗೆ ತಡೆಯುವ ಆಯ್ಕೆ) ಹಾಕಿದರೆ ಕೆಲವು ಇನ್‌ಸ್ಟಾಲರ್‌ಗಳು ಅಲ್ಲಿಂದ ಓಡಲಾಗದೆ ತಕರಾರು ಮಾಡುತ್ತವೆ, ನೆನಪಿರಲಿ.

ನಾನು ಯಾರಿಗೆ ಏನು ಹೇಳುತ್ತೇನೆ

ವಿದ್ಯಾರ್ಥಿಯ ಲ್ಯಾಪ್‌ಟಾಪ್, 256 ಜಿಬಿ ಅಥವಾ ಕಡಿಮೆ: ಒಂದೇ ರೂಟ್. ಫೆಡೋರಾ ಅಥವಾ ಓಪನ್‌ಸೂಸೆ ಆದರೆ ಅದು ಕೊಡುವ ಬಿಟಿಆರ್‌ಎಫ್‌ಎಸ್ ಹಾಗೇ ಇರಲಿ. 500 ಜಿಬಿಗಿಂತ ಜಾಸ್ತಿ ಇದ್ದು ಡಿಸ್ಟ್ರೋ ಬದಲಿಸುವ ಆಸೆ ಇದ್ದರೆ ರೂಟ್‌ಗೆ 80 ಜಿಬಿ, ಉಳಿದದ್ದು /ಹೋಮ್. ಹಳೆಯ ಬರಹಗಳಲ್ಲಿ ಕಾಣುವ 20, 30 ಜಿಬಿಯನ್ನು ನಂಬಬೇಡಿ. ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್, ಡಾಕರ್ ಬರುವ ಮುಂಚಿನ ಲೆಕ್ಕ ಅದು. ಚಿಕ್ಕ ಆಫೀಸಿನ ಸರ್ವರ್‌ಗೆ ಕಣ್ಣುಮುಚ್ಚಿ ಎಲ್‌ವಿಎಂ. ರೂಟ್‌ಗೆ 40 ಜಿಬಿ, /ವಾರ್/ಲಾಗ್‌ಗೆ 10, ಡೇಟಾಬೇಸ್‌ಗೆ ಈಗಿನ ಗಾತ್ರದ ಮೂರು ಪಟ್ಟು, ಉಳಿದದ್ದು ಗೋಮಾಳ. ಆ ಪ್ರೆಸ್‌ನ ಸರ್ವರ್ ಈಗ ಹೀಗೆಯೇ ಇದೆ.

ಈಗಾಗಲೇ ಒಂದೇ ಪಾರ್ಟಿಷನ್‌ನಲ್ಲಿ ಇದ್ದು ಆಮೇಲೆ ಬೇರೆ ಮಾಡಬೇಕು ಅನಿಸಿದರೂ ಆಗುತ್ತದೆ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ. ಹೊಸ ಪಾರ್ಟಿಷನ್‌ಗೆ ಆರ್‌ಸಿಂಕ್ ಕಮಾಂಡ್‌ನಿಂದ ನಕಲು ಮಾಡಿ. ಅನುಮತಿ, ಹಾರ್ಡ್‌ಲಿಂಕ್ ಎಲ್ಲಾ ಉಳಿಯುವ ಆಯ್ಕೆಗಳನ್ನು ಮರೆಯಬೇಡಿ. ಎಫ್‌ಎಸ್‌ಟ್ಯಾಬ್‌ನಲ್ಲಿ ಡಿಸ್ಕ್‌ನ ಹೆಸರು ಬರೆಯದೆ ಪಾರ್ಟಿಷನ್‌ನ ಗುರುತು ಸಂಖ್ಯೆಯಾದ ಯುಯುಐಡಿ ಬರೆಯಿರಿ, ಡಿಸ್ಕ್ ಹೆಸರು ಬೂಟ್‌ನಿಂದ ಬೂಟ್‌ಗೆ ಬದಲಾಗಬಹುದು. ಹಳೆಯ ಡೈರೆಕ್ಟರಿಯ ಹೆಸರು ಬದಲಿಸಿ, ಅದೇ ಜಾಗದಲ್ಲಿ ಖಾಲಿ ಡೈರೆಕ್ಟರಿ ಮಾಡಿ. ಹೆಸರು ಬದಲಿಸದೆ ಅದರ ಮೇಲೇ ಮೌಂಟ್ ಮಾಡಿದರೆ ಹಳೆಯ ಫೈಲ್‌ಗಳು ಕಣ್ಣಿಗೆ ಕಾಣುವುದಿಲ್ಲ, ಜಾಗ ಮಾತ್ರ ತಿನ್ನುತ್ತಾ ಕೂರುತ್ತವೆ. ಆ ಖಾಲಿ ಡೈರೆಕ್ಟರಿಗೆ ಮೌಂಟ್ ಮಾಡುವ ಮುಂಚೆ ಚ್ಯಾಟರ್ ಕಮಾಂಡ್‌ನಿಂದ ಬೀಗ ಹಾಕಿಟ್ಟರೆ ಇನ್ನೂ ಒಳ್ಳೆಯದು. ಯಾವತ್ತಾದರೂ ಪಾರ್ಟಿಷನ್ ಮೌಂಟ್ ಆಗದಿದ್ದರೆ ಪ್ರೋಗ್ರಾಂಗಳು ಸದ್ದಿಲ್ಲದೆ ರೂಟ್‌ಗೆ ಬರೆಯುವ ಬದಲು ಎರರ್ ಕೊಡುತ್ತವೆ. ಒಂದು ವಾರ ಎಲ್ಲಾ ಸರಿಯಾಗಿ ಓಡಿದ್ದು ನೋಡಿ, ಆಮೇಲೆ ಹಳೆಯದನ್ನು ಅಳಿಸಿ.